ಮಲಂಗಸಾಬ ಹುಡುಕಿದ ಎರಡನೇ ಕಾಲೇಜು

ಮಾನವಿಯ ಮಲಂಗಸಾಬ ತನ್ನ ಮಗಳಿಗೆ ಒಂದು ವರ್ಷ ಬಾಕಿ ಇದ್ದಾನೆ. ರೊಕ್ಕದ ಬಾಕಿಯಾಗಿದ್ದರೆ ಹೇಗೋ ತೀರಿಸುತ್ತಿದ್ದ. ಹರೆಯದ ಹುಡುಗಿಯ ಒಂದಿಡೀ ವರ್ಷವನ್ನು ದೇವದುರ್ಗದ ನಾಲ್ಕು ಗೋಡೆಗಳ ನಡುವೆ ಚೆಲ್ಲಿ ಬಂದವನು ಅದನ್ನು ಎಲ್ಲಿಂದ ತಂದುಕೊಡಬೇಕು? ಕಸಿದುಕೊಂಡವರು ಸರಕಾರದವರಾಗಿದ್ದರೆ ಕಚೇರಿ ಮುಂದೆ ಧರಣಿ ಕೂಡಬಹುದಿತ್ತು. ಅಪ್ಪನ ಮುಂದೆ ಎಲ್ಲಿಯ ಧರಣಿ?

ಇದನ್ನು ಕೇಳಿದವರು ಮೊದಲು ನಂಬುವುದಿಲ್ಲ. ಯಾಕೆಂದರೆ ಊರ ಮಂದಿಯ ಮಕ್ಕಳಿಗೆಲ್ಲ ಹೊಂದುವ ಕಾಲೇಜು ಹುಡುಕಿಕೊಟ್ಟವನು ಇದೇ ಮಲಂಗಸಾಬ.

ಮಾನವಿ ಮಾರ್ಕೆಟ್ಟಿನಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ತೂಕ ಹಿಡಿಯುವುದು ಅವನ ಕಸುಬು. ಭತ್ತವೋ ಜೋಳವೋ ಶೇಂಗಾವೋ, ಚೀಲ ಕಾಟಾದ ಮೇಲೆ ಕೂತಿತೆಂದರೆ ಅವನ ಗಂಟಲು ಶುರು. ರೈತ, ದಲಾಲಿ, ಹಮಾಲ ಮೂವರೂ ಒಟ್ಟಿಗೆ ಬೈದರೆ ಮೂವರಿಗೂ ಒಂದೇ ಉಸಿರಿನಲ್ಲಿ ಜವಾಬು ಕೊಡುತ್ತಿದ್ದ. ಅವನು ಇಲ್ಲಿ ಕೂಗಿದರೆ ಅಲ್ಲಿ ಗೇಟಿನ ಹತ್ತಿರ ಕಟ್ಟಿದ ಎತ್ತು ಕಿವಿ ನಿಮಿರಿಸುತ್ತಿತ್ತು. ಕನ್ನಡದ ಬೈಗುಳವನ್ನು ಅಷ್ಟು ರುಚಿಕಟ್ಟಾಗಿ ಬಡಿಸುವವರು ಆ ಮಾರ್ಕೆಟ್ಟಿನಲ್ಲಿ ಇನ್ನೊಬ್ಬರಿರಲಿಲ್ಲ. ಮನೆಯ ಹೊಸ್ತಿಲು ದಾಟಿದನೋ, ಎಲ್ಲ ಬಂದ್. ಮನೆಯೊಳಗೆ ದಖನಿ ಉರ್ದು, ಅದೂ ಅಳೆದು ಸುರಿದ ನಾಲ್ಕು ಮಾತು. ಅವನ ಮಾವ ಹಾಗಿದ್ದ, ಅಪ್ಪ ಹಾಗಿದ್ದ, ಆ ಓಣಿಯ ಗಂಡಸರೆಲ್ಲ ಹಾಗೇ ಇದ್ದರು. ಮನೆಯಲ್ಲಿ ದನಿ ಎತ್ತದಿರುವುದೇ ಮರ್ಯಾದೆ.

ಮಾಲಿನ ಲಾರಿ ಜೊತೆ ಅವನು ರಾಯಚೂರಿಗೆ, ದೇವದುರ್ಗಕ್ಕೆ ಹೋಗುತ್ತಿದ್ದ. ಮಾಲು ಇಳಿಯುವ ತನಕ ಮಾಡುವ ಕೆಲಸವೇನು? ಯಾವುದಾದರೂ ಕಾಲೇಜಿನೆದುರಿನ ಹೋಟೆಲಿನಲ್ಲಿ ಚಹಾ ಹಿಡಿದು ಕೂಡುವುದು, ಜವಾನರ ಜೊತೆ ಹರಟೆ ಹೊಡೆಯುವುದು. ಯಾವ ಕಾಲೇಜಿನಲ್ಲಿ ಮಾಸ್ತರರು ಹೊಡೆಯುತ್ತಾರೆ, ಎಲ್ಲಿ ಹಳ್ಳಿ ಹುಡುಗರನ್ನು ಗೋಳು ಹೊಯ್ದುಕೊಳ್ಳುತ್ತಾರೆ, ಎಲ್ಲಿ ಬಾಯಿದ್ದವನು ಉಳಿಯುತ್ತಾನೆ, ಎಲ್ಲ ಅವನ ಕಿವಿಗೆ ಬೀಳುತ್ತಿತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಪಿಯುಸಿ ಫಲಿತಾಂಶ ಬಂತೆಂದರೆ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಅಡತಿ ಅಂಗಡಿಗೆ ಬರುವುದು ರೂಢಿಯಾಯಿತು.

ಅವನ ಪದ್ಧತಿ ಬೇರೆ. ಅಂಕಪಟ್ಟಿ ನೋಡುತ್ತಿರಲಿಲ್ಲ. ಹುಡುಗನನ್ನು ಕಾಟಾದ ಪಕ್ಕ ತುಂಬಿದ ಚೀಲದ ಮೇಲೆ ಕೂಡಿಸುತ್ತಿದ್ದ. ಕೆಲಸ ಹೇಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿರಲಿಲ್ಲ. ಮಾಲಿನ ಲಿಲಾವು, ಅಂದರೆ ಹರಾಜು, ಮುಗಿಯುವ ತನಕ ಹುಡುಗ ಸುಮ್ಮನೆ ಕೂತಿರಬೇಕು. ಇವನು ತೂಕ ಹಿಡಿಯುತ್ತಲೇ ಓರೆಗಣ್ಣಿನಲ್ಲಿ ನೋಡುತ್ತಿದ್ದ.

ನೀರಮಾನ್ವಿಯ ಗಡಿಗೆಪ್ಪ ಮಗ ಹನುಮಂತ್ರಾಯನನ್ನು ಕರೆತಂದಾಗ ಹಾಗೇ ಆಯಿತು. ಹುಡುಗ ಕೂತಿದ್ದ. ಹಮಾಲನೊಬ್ಬನ ಕಾಲಿನ ಮೇಲೆ ಚೀಲ ಜಾರಿಬಿದ್ದು ಉಗುರು ಕಿತ್ತು ರಕ್ತ ಚಿಮ್ಮಿತು. ಮಂದಿ ಹೋ ಎಂದು ನಿಂತರು. ಹನುಮಂತ್ರಾಯ ಎದ್ದು ಹೋದವನೇ ತನ್ನ ಟವೆಲು ಹರಿದು ಗಟ್ಟಿಯಾಗಿ ಕಟ್ಟಿದ.

"ಗಡಿಗೆಪ್ಪಾ, ಅರ್ಜಿಯಾಗ ಮೊದಲ್ನೇ ಕಾಲೇಜು ನಿನಗ ಬೇಕಾದ್ದು ಬರಿ," ಎಂದ ಮಲಂಗಸಾಬ. "ಎರಡನೇದಕ್ಕ ಮಾತ್ರ ಔಷಧದ ಕೋರ್ಸು ಬರಿ."

"ಅಂದ್ರ ಕಂಪೌಂಡರ್ ಏನಲೇ? ಇಂಜಿನೇರ್ ಮಾಡಬೇಕಂತ ಎಮ್ಮಿ ಮಾರಿ ಓದಿಸಾಕತ್ತೀನಿ!"

"ನಿನ್ನ ಮಗ ರಗತ ಕಂಡ್ರ ಮುಂದ ಹೋಗ್ತಾನ. ಅಲ್ಲಿ ಲಾರಿ ಬಾನೆಟ್ ತೆಗದು ನಿಂತಾರ, ಒಮ್ಮೆರ ಹೊಳ್ಳಿ ನೋಡಿದ್ನೇನು? ಎಮ್ಮಿ ಮಾರಿದ್ದು ನಿನ್ನ ತಪ್ಪು, ಅವನದಲ್ಲ."

ಇಂಜಿನಿಯರಿಂಗ್ ಸೀಟು ಸಿಗಲಿಲ್ಲ. ಹುಡುಗ ರಾಯಚೂರಿನಲ್ಲಿ ಫಾರ್ಮಸಿ ಸೇರಿ ಸುಖವಾಗಿದ್ದ.

ಅಕ್ಕಿ ಗಿರಣಿಯ ವಿರೂಪಣ್ಣನ ಮಗನ ಕತೆ ಇನ್ನೂ ಸಣ್ಣದು. ಅವನು ಚೀಲದ ಮೇಲೆ ಕೂತ, ಒರಗಿದ, ಗೊರಕೆ ಹೊಡೆದ.

"ಸಾವ್ಕಾರ್ರ, ಇವರಿಗೆ ಬೆಳಗಿನ ಕಾಲೇಜ್ ಬ್ಯಾಡ್ರಿ. ಹಾಜರಿ ಕೂಗೋ ಮಾಸ್ತರಗೂ ನಿದ್ದಿ ಹತ್ತಿಸ್ತಾರ. ರಾಯಚೂರಾಗ ಸಂಜಿ ಕಾಲೇಜ್ ಅದ, ಅಲ್ಲಿ ಹಾಕ್ರಿ."

ವಿರೂಪಣ್ಣ ಸಿಟ್ಟಿನಿಂದ ಕೆಂಪಾದ. ಆಮೇಲೆ ತಾನೇ ನಕ್ಕ. ಆಮೇಲೆ ಅಲ್ಲೇ ಸೇರಿಸಿದ.

"ಮೊದಲ್ನೇದು ಸಿಗಾದು ಯಾರ ಕೈಯಾಗೂ ಇಲ್ಲ," ಎಂದು ಮಲಂಗಸಾಬ ಹೇಳುತ್ತಿದ್ದ. "ಮಂದಿ ಬಾಳೇವು ಮಾಡಾದು ಎರಡನೇದ್ರಾಗ. ಅದನ್ನ ನೋಡಿ ಹುಡುಕ್ರಿ."

ಎಂಬತ್ಮೂರರಲ್ಲಿ ಅವನ ಮಗಳು ಜಾಹೆದಾ ಪಿಯುಸಿ ಪಾಸಾದಳು. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ. ರಾಯಚೂರಿನ ದೊಡ್ಡ ಕಾಲೇಜಿಗೆ ಬಿ.ಎ.ಗೆ ಅರ್ಜಿ ಹಾಕಿದ್ದಳು. ಸೀಟು ಸಿಗಲಿಲ್ಲ. ಇನ್ನು ಎರಡನೇದು.

ಮಲಂಗಸಾಬ ಯೋಚನೆಯನ್ನೇ ಮಾಡಲಿಲ್ಲ. ದೇವದುರ್ಗದಲ್ಲಿ ಹೆಣ್ಣುಮಕ್ಕಳ ಖಾಸಗಿ ಟೀಚರ್ ಟ್ರೇನಿಂಗ್ ಇತ್ತು. ಎತ್ತರದ ಗೋಡೆ, ಒಳಗೇ ಹಾಸ್ಟೆಲು, ಗೇಟಿಗೆ ಬೀಗ. "ನಮ್ಮ ಹುಡುಗಿಗೆ ಬಾಯಿಲ್ಲ. ಅಲ್ಲಿ ಬಾಯಿ ಬೇಕಾಗಿಲ್ಲ. ಜೋಡಿ ಸರಿಯಾಯಿತು," ಎಂದು ಹೆಂಡತಿ ಬಡೇಬೀಗೆ ದಖನಿಯಲ್ಲಿ ಹೇಳಿದ.

ಬಡೇಬೀ ರೊಟ್ಟಿ ತಟ್ಟುತ್ತಿದ್ದಳು. "ಊರವರ ಮಕ್ಕಳನ್ನೆಲ್ಲ ಚೀಲದ ಮೇಲೆ ಕೂಡಿಸಿ ನೋಡುತ್ತೀರಿ. ಇವಳನ್ನೂ ಒಂದು ದಿನ ಕೂಡಿಸಿ ನೋಡಿ."

"ನಕ್ಕೋ, ಬೇಡ! ಹಮಾಲರ ನಡುವೆ? ಹೆಣ್ಣುಮಗಳನ್ನ?"

"ಹಾಗಾದರೆ ಅವಳ ಗುಣ ನಿಮಗೆ ಹೇಗೆ ಗೊತ್ತು?"

"ನನ್ನ ಮಗಳು ನನಗೆ ಗೊತ್ತಿಲ್ಲವಾ?" ಎಂದು ಅವನು ಜಾಹೆದಾಳ ಕಡೆ ತಿರುಗಿದ. "ದೇವದುರ್ಗ ಆಗಬಹುದಲ್ಲ?"

ಜಾಹೆದಾ ತಲೆ ಬಗ್ಗಿಸಿ, "ಹೌ ಅಬ್ಬಾ," ಎಂದಳು. ಹುಟ್ಟಿದಾಗಿನಿಂದ ಅಪ್ಪನಿಗೆ ಅವಳು ಕೊಟ್ಟ ಉತ್ತರ ಅದೊಂದೇ. ಅದನ್ನೇ ಅವನು ಸ್ವಭಾವ ಎಂದು ತಿಳಿದಿದ್ದ.

ದೀಪಾವಳಿ ಕಳೆದ ಮೇಲೆ ದೇವದುರ್ಗದಿಂದ ಲಾರಿ ಡ್ರೈವರ್ ಶಂಶುದ್ದೀನ್ ಸುದ್ದಿ ತಂದ. ಮಾರ್ಕೆಟ್ಟಿನ ನಡುವೆಯೇ ಲಾರಿ ನಿಲ್ಲಿಸಿ, ಕೆಳಗಿಳಿಯದೆ ಕೂಗಿದ.

"ಮಲಂಗಚಾಚಾ, ಹಾಸ್ಟೆಲ್ ವಾರ್ಡನ್ ಅಕ್ಬರಿ ಬೇಗಂ ನಿಮ್ಮನ್ನ ಲಗೂನ ಕರೀತಾರ. ನಿಮ್ಮ ಹುಡುಗಿ ಬಾಯಿ ಕಟ್ಟಾಕ ಆಗವಲ್ದಂತ."

ಮಲಂಗಸಾಬ ನಗತೊಡಗಿದ. "ಯಾರ ಮಗಳಂತ ಸರಿ ಕೇಳಿದ್ಯಾ? ನಮ್ಮಾಕಿಗೆ ಬಾಯೇ ಇಲ್ಲೋ."

"ಮಾನವಿ ಜಾಹೆದಾ ಅಂದ್ರಪಾ. ಊಟ ಬಿಟ್ಟು ಹುಡುಗ್ಯಾರನೆಲ್ಲ ಅಂಗಳದಾಗ ಕುಂದ್ರಿಸ್ಯಾಳಂತ!"

ನಗು ಅರ್ಧಕ್ಕೆ ನಿಂತಿತು. ಯಾರೋ ತನ್ನ ಮಗಳ ಹೆಸರು ಕೆಡಿಸುತ್ತಿದ್ದಾರೆ ಎಂದುಕೊಂಡು, ಜಗಳಕ್ಕೆ ಸಿದ್ಧನಾಗಿಯೇ ಅದೇ ಲಾರಿ ಹತ್ತಿದ.

ಗೇಟಿನ ಮುಂದೆ ಮಂದಿ ನೆರೆದಿದ್ದರು. ಒಳಗಿನಿಂದ ಒಂದು ಹೆಣ್ಣು ದನಿ ಕೇಳುತ್ತಿತ್ತು. ಖಡಕ್ ಕನ್ನಡ.

"ಪಾಠ ಹೇಳಾದು ಕಲಿಯಾಕ ಬಂದೀವ್ರಿ ನಾವು! ಐತಾರ ಸೂಟಿ ಬಂದ್ರ ಸಾಕು, ಆಡಳಿತದವರ ಮನಿ ತೊಗರಿ ನಮ್ಮ ಮುಂದ ಸುರೀತೀರಿ. ಹಸನ ಮಾಡ್ರಿ, ಕಲ್ಲು ಆರಿಸ್ರಿ, ಕೇರ್ರಿ! ತೊಗರಿ ಕೇರಾಕ ನಮ್ಮ ಅವ್ವಗಳ ಮನ್ಯಾಗ ಮೊರ ಇರ್ಲಿಲ್ಲೇನು? ಇಲ್ಲಿ ತನಕ ಯಾಕ ಬರ್ತಿದ್ವಿ?"

ಹುಡುಗಿಯರು ಹೋ ಎಂದರು. ಮಲಂಗಸಾಬ ಗೇಟಿನವನನ್ನು ಕೇಳಿದ. "ಯಾರಪಾ ಆಕಿ?"

"ಮಾನವಿಯಾಕೀರಿ ಸಾಬ್ರ. ಯಾವನೋ ಮಲಂಗಸಾಬನ ಮಗಳಂತ. ಮಗಳೇ ಹಿಂಗ ಅಂದ್ರ ಅವರಪ್ಪ ಎಂಥಾ ಗಂಟಲದವ ಇದ್ದಾನೋ ಯಾರಿಗೊತ್ತು!"

ಸರಳಿನ ಸಂದಿಯಿಂದ ಮಲಂಗಸಾಬ ನೋಡಿದ. ಕಲ್ಲಿನ ಕಟ್ಟೆಯ ಮೇಲೆ ನಿಂತವಳು ಅವಳೇ. ತಲೆಯ ಮೇಲೆ ಬಡೇಬೀ ಹೊಲಿದುಕೊಟ್ಟ ಹಸಿರು ದುಪಟ್ಟಾ. ಕೈ ಎತ್ತಿದ ರೀತಿ, ಮಾತಿನ ಕೊನೆಯನ್ನು ಎಳೆದು ಎದುರಿನವನ ಮುಖಕ್ಕೆ ಬಡಿಯುವ ರೀತಿ, ಎಲ್ಲ ಅಡತಿ ಅಂಗಡಿಯದು. ಅವನು ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡ. ಈ ಹುಡುಗಿ ತನ್ನ ಮನೆಯಲ್ಲಿ ಉಂಡು, ತನ್ನ ಪಕ್ಕದ ಕೋಣೆಯಲ್ಲಿ ಮಲಗಿ ಬೆಳೆದವಳು. ಇವಳನ್ನು ತಾನು ಇವತ್ತೇ ಮೊದಲು ನೋಡುತ್ತಿದ್ದೇನೆ ಎಂದು ಅನ್ನಿಸಿತು.

ಅಕ್ಬರಿ ಬೇಗಂ ಓಡಿಬಂದು ಗೇಟು ತೆಗೆಸಿದಳು. ಪಾಪದ ಹೆಂಗಸು. ಅವಳ ನೌಕರಿಯೂ ಆಡಳಿತದವರ ಕೈಯಲ್ಲಿತ್ತು. "ಸಮಾಧಾನ ಹೇಳ್ರಿ ಭಾಯಿ, ನನ್ನ ಹೊಟ್ಟಿ ಮ್ಯಾಲ ಕಲ್ಲು ಬೀಳ್ತದ," ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಇಸ್ತ್ರಿ ಅಂಗಿಯ ಆಡಳಿತದ ಮನುಷ್ಯ ಮುಂದೆ ಬಂದ. "ನೀನೇನು ಇಕಿ ಅಪ್ಪ? ಹಮಾಲರ ಪೈಕಿ ಅಲ್ಲೇನು? ಅದಕ್ಕ ಮಗಳಿಗೆ ಇಂಥಾ ನಾಲಿಗಿ."

ಮಲಂಗಸಾಬನ ಗಂಟಲು ಬಿಚ್ಚಿತು. ಏನೆಂದನೆಂದು ಪೂರ್ತಿ ಅಚ್ಚು ಹಾಕುವಂತಿಲ್ಲ. ಹಾಕಬಹುದಾದದ್ದು ಇಷ್ಟು: "ಹಮಾಲ ಹೊತ್ತ ಚೀಲಕ್ಕ ಕೂಲಿ ತೊಗೊಂತಾನಲೇ! ನೀ ಮಂದಿ ಹೆಣ್ಮಕ್ಕಳ ಕೈಲೆ ಬಿಟ್ಟಿ ತೊಗರಿ ಕೇರಿಸ್ಕೊಂಡು ಮೂರು ಹೊತ್ತು ಬ್ಯಾಳಿ ತಿಂತಿ! ಹಮಾಲರ ಹೆಸರು ತೆಗಿಯಾಕ ನಿನಗ ಯೋಗ್ಯತಾ ಅದ ಏನು?"

ಕಟ್ಟೆಯ ಮೇಲಿದ್ದ ಜಾಹೆದಾ ಬಾಯಿ ತೆರೆದು ನಿಂತಳು. ಅಬ್ಬಾ ಎಂದರೆ ಅವಳಿಗೆ ಉಂಡು ಕೈ ತೊಳೆದು ಮಾತಿಲ್ಲದೆ ಮಲಗುವ ಮನುಷ್ಯ. ಈ ಗುಡುಗುವವನು ಯಾರು? ಅವಳು ಹಾಗೇ ಕಟ್ಟೆಯ ಮೇಲೆ ಕೂತುಬಿಟ್ಟಳು.

ಸಂಜೆಯೊಳಗೆ ಜಾಹೆದಾಳ ಹೆಸರು ಹೊಡೆದುಹಾಕಿದರು. ಟ್ರಂಕು ಹೊತ್ತು ಅಪ್ಪ ಮಗಳು ಮಾನವಿ ಬಸ್ಸು ಹತ್ತಿದರು. ಮನೆಯ ಭಾಷೆಯಲ್ಲಿ ಹೇಗೆ ಶುರು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಮಲಂಗಸಾಬ, ಜೀವಮಾನದಲ್ಲಿ ಮೊದಲ ಸಲ, ಮಗಳನ್ನು ಕನ್ನಡದಲ್ಲಿ ಮಾತಾಡಿಸಿದ.

"ಎಲ್ಲಿ ಕಲ್ತೆವಾ ಇದನ್ನ?"

"ನಳದ ಕಡಿ ರೀ ಅಬ್ಬಾ."

"ಯಾವ ನಳ?"

"ನಮ್ಮ ಓಣಿ ನಳಾನ. ಸಾಲು ಮುರದು ಕೊಡ ಇಡಾಕ ಬರ್ತಾರಲ್ರಿ, ದೊಡ್ಡ ಮನಿಯವರು. ಯಾರರ ಒಬ್ರು ಬಾಯಿ ಮಾಡಬೇಕಲ್ಲ."

"ಆ ನಳದಿಂದ ಮಾರ್ಕೆಟ್ಟಿಗೆ ಮಹಾ ಎಷ್ಟು ದೂರ ಅದ! ನನಗ ಯಾಕ ಕೇಳಲಿಲ್ಲ?"

"ನಿಮ್ಮ ಬಾಯಿ ಅಲ್ಲೂ ಇವತ್ತಿನಷ್ಟು ಜೋರಾಗಿದ್ರ ಮಂದೀದು ಹ್ಯಾಂಗ ಕೇಳ್ತದ್ರಿ?"

ಹಿಂದಿನ ಸೀಟಿನವನು ಕಿಸಕ್ಕನೆ ನಕ್ಕ. ಮಲಂಗಸಾಬನಿಗೆ ನಗು ಬರಲಿಲ್ಲ.

ಮಾನವಿಯಲ್ಲಿ ಅವನಿಗೆ ಇನ್ನೊಂದು ಪೆಟ್ಟು ಕಾದಿತ್ತು. ಊರಿಗೆಲ್ಲ ಗೊತ್ತಿತ್ತು. ಪಕ್ಕದ ಮನೆಯ ಹೀರಾಬಿಗೆ ಗೊತ್ತಿತ್ತು, ಪಕ್ಕದ ಊರಿನ ಗಡಿಗೆಪ್ಪನಿಗೂ ಗೊತ್ತಿತ್ತು. "ನಳದ ಜಾಹೆದಾ ಅಂದ್ರ ನಿನ್ನ ಮಗಳಂತ ನಿನಗs ಗೊತ್ತಿಲ್ಲೇನೋ?" ಎಂದು ಗಡಿಗೆಪ್ಪ ದಂಗಾಗಿ ಕೇಳಿದ. ಗೊತ್ತಿಲ್ಲದವನು ಸ್ವಭಾವ ನೋಡಿ ಕಾಲೇಜು ಹೇಳುವ ಮಲಂಗಸಾಬನೊಬ್ಬನೇ. ಬಡೇಬೀಯ ಮೇಲೆ ಹರಿಹಾಯಲು ಹೋದ. ಅವಳು ತಣ್ಣಗೆ, "ಚೀಲದ ಮೇಲೆ ಕೂಡಿಸಿ ನೋಡಿ ಎಂದಿದ್ದೆ. ನೀವು ಅವಳ ಬದಲು ಮರ್ಯಾದೆಯನ್ನು ಕೂಡಿಸಿದಿರಿ," ಎಂದಳು.

ಆ ವರ್ಷ ಹೋಯಿತು. ಎಲ್ಲ ಕಡೆ ಪ್ರವೇಶ ಮುಗಿದಿತ್ತು. ಜಾಹೆದಾ ಮನೆಯಲ್ಲಿ ಕೂತಳು. ಎರಡು ಕಡೆಯಿಂದ ಗಂಡಿನವರು ಬಂದರು. ಬಡೇಬೀ ಬಾಗಿಲಲ್ಲೇ ಚಹಾ ಕೊಟ್ಟು ಕಳಿಸಿದಳು. ಆ ವರ್ಷ ಅಡತಿ ಅಂಗಡಿಗೆ ಮಕ್ಕಳನ್ನು ಕರೆತಂದವರಿಗೆ ಮಲಂಗಸಾಬ, "ನನ್ನ ಕಣ್ಣಿಗೆ ಪೊರಿ ಬಂದದ, ಹೋಗ್ರಿ," ಎಂದ.

ಮುಂದಿನ ಜೂನಿನಲ್ಲಿ ದೊಡ್ಡ ಕಾಲೇಜು ಮತ್ತೆ ಇಲ್ಲ ಎಂದಿತು. ಮಲಂಗಸಾಬ ಮಗಳನ್ನು ಕರೆದುಕೊಂಡು ರಾಯಚೂರಿನಲ್ಲಿಳಿದ. ಈ ಸಲ ಅವನು ಹುಡುಕಲಿಲ್ಲ. "ನೀ ನೋಡು. ನಾ ಹಿಂದ ಬರ್ತೀನಿ," ಎಂದ.

ಮೊದಲು ಹೆಣ್ಣುಮಕ್ಕಳದೇ ಒಂದು ಕಾಲೇಜಿನ ಮುಂದೆ ನಿಂತರು. ಚೊಕ್ಕ ಕಟ್ಟಡ, ಹೂವಿನ ಕುಂಡ. ಮಲಂಗಸಾಬನಿಗೆ ಮನಸ್ಸಿನಲ್ಲೇ ಹಿಡಿಸಿತು. ಜಾಹೆದಾ ಗೇಟಿನಿಂದ ಹೊರಬರುವ ಹುಡುಗಿಯರನ್ನು ನೋಡುತ್ತಾ ನಿಂತಳು. "ಒಬ್ಬಾಕಿನೂ ಗಟ್ಟಿ ನಗವಲ್ಲಳ್ರಿ ಅಬ್ಬಾ. ಬ್ಯಾಡ."

ಮುಂದಿನದು ಗೋಡೆಯ ಸುಣ್ಣ ಉದುರಿದ ಕಾಲೇಜು. ಅದರ ಎದುರು ಬಸ್ಸು ನಿಂತಿತ್ತು. ಪಾಸು ನಡೆಯುವುದಿಲ್ಲವೆಂದು ಕಂಡಕ್ಟರ್, ನಡೆಯಲೇಬೇಕೆಂದು ಹುಡುಗರು. ಎಲ್ಲರಿಗಿಂತ ಮುಂದೆ ಎರಡು ಜಡೆಯ ಒಬ್ಬ ಹುಡುಗಿ ನಿಂತು ಬೆರಳು ತೋರಿಸಿ ವಾದ ಹಾಕುತ್ತಿದ್ದಳು. ಮಲಂಗಸಾಬ ಪಕ್ಕಕ್ಕೆ ತಿರುಗಿ ನೋಡಿದರೆ ಜಾಹೆದಾ ಇರಲಿಲ್ಲ. ಬಸ್ಸಿನ ಹತ್ತಿರವಿದ್ದಳು.

"ಪಾಸಿನ ಮ್ಯಾಲ ಸರಕಾರದವರು ಸಿಕ್ಕಾ ಹೊಡದಾರೋ ಇಲ್ಲೋ, ಅಷ್ಟು ಹೇಳ್ರಿ!"

"ನೀ ಯಾವಾಕಿ ಬೇ? ನೀ ಈ ಕಾಲೇಜಿನಾಕಿ ಅಲ್ಲೇ ಅಲ್ಲ!" ಎಂದ ಕಂಡಕ್ಟರ್.

"ಇವತ್ತ ಆಗಾಕಿ!" ಎಂದಳು ಜಾಹೆದಾ.

ಅಪ್ಪ ಚಹಾದ ಅಂಗಡಿಯ ಬಾಗಿಲಲ್ಲಿ ದಿಙ್ಮೂಢನಾಗಿ ನಿಂತಿದ್ದ. ದೇವದುರ್ಗದಲ್ಲಿ ಕಂಡಿದ್ದನ್ನೇ ಮತ್ತೆ ಕಂಡಿದ್ದ. ಅವನು ಆ ದಿನವೇ ಅರ್ಜಿಗೆ ಸಹಿ ಹಾಕಿದ. ಎಂಬತ್ತೇಳರಲ್ಲಿ ಅವಳು ಅಲ್ಲಿಯೇ ಬಿ.ಎ. ಮುಗಿಸಿ ಲಾ ಸೇರಿದಳು. ಮನೆಗೆ ಬಂದಾಗ ಈಗ ಅಪ್ಪ ಮಗಳು ಕನ್ನಡದಲ್ಲಿ ಜಗಳಾಡುತ್ತಾರೆ. ಓಣಿಯವರು ಕಿವಿ ಮುಚ್ಚಿಕೊಳ್ಳುತ್ತಾರೆ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲೂ ಪಿಯುಸಿ ಮುಗಿಸಿದ ಒಬ್ಬಳಿರಬಹುದು, ಒಬ್ಬನಿರಬಹುದು. ಪಾಪದ ಕೂಸು, ಬಾಯಿಲ್ಲ, ಇಂಥಲ್ಲಿ ಹಾಕಿದರೆ ಸಾಕು ಎಂದು ನೀವಾಗಲೇ ಗೊತ್ತು ಮಾಡಿರುತ್ತೀರಿ. ಯಾರನ್ನು ಕೇಳಿ ಗೊತ್ತು ಮಾಡಿದಿರಿ? ಪೆನ್ನು ಕೆಳಗಿಡಿ. ಚಪ್ಪಲಿ ಮೆಟ್ಟಿ ಹೊರಗೆ ಹೋಗಿ. ನೀವಿಲ್ಲದ ಜಾಗದಲ್ಲಿ ನಿಮ್ಮ ಮಗು ಯಾರ ಜೊತೆ ಏನು ಮಾತಾಡುತ್ತದೆ ಎಂದು ಅದರ ಗೆಳತಿಯರನ್ನು ಕೇಳಿ, ಓಣಿಯವರನ್ನು ಕೇಳಿ, ಕೊನೆಗೆ ಆ ಮಗುವನ್ನೇ ಕೇಳಿ. "ಹೌದು" ಎಂಬ ಒಂದೇ ಮಾತು ಉತ್ತರವಾಗಿ ಬಂದರೆ ಒಪ್ಪಬೇಡಿ, ಮತ್ತೆ ಕೇಳಿ. ಅಲ್ಲಿಯ ತನಕ ಯಾವ ಅರ್ಜಿಗೂ ಸಹಿ ಹಾಕಬೇಡಿ.