ನನ್ನ ಅಂಗಿಗಳು ಊರೂರಿಗೆ ಹೋದದ್ದು

ಮೊನ್ನೆ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ನನ್ನ ನೀಲಿ ಗೆರೆಯ ಅಂಗಿ ಸೊರಬದ ಬಸ್ ಹತ್ತಿತು. ಅಂಗಿಯೊಳಗಿದ್ದವನು ಉಳವಿಯ ನನ್ನ ಭಾವಮೈದ. ಕೈ ಬೀಸಿದ. ನಾನೂ ಬೀಸಿದೆ, ಅವನಿಗೋ ಅಂಗಿಗೋ ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಕರುಳಿನಲ್ಲಿದ್ದ ಕ್ಯಾನ್ಸರ್ ಗಡ್ಡೆಯನ್ನು ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ತೆಗೆದರು. "ಪೂರ್ತಿ ತೆಗೆದಿದೀವಿ, ಆರಾಮಾಗಿರಿ" ಅಂದರು ಡಾಕ್ಟರು. ಮನೆಮಂದಿಯೆಲ್ಲ ಆರಾಮಾದರು, ನಾನೊಬ್ಬ ಆಗಲಿಲ್ಲ. ಹೊಟ್ಟೆ ಗುಡುಗಿದರೆ ಗಡ್ಡೆ ಮರಳಿತು ಅನ್ನಿಸುತ್ತಿತ್ತು. ಗುಡುಗದಿದ್ದರೆ, ಯಾಕೆ ಸುಮ್ಮನಾಯಿತು ಎಂಬ ದಿಗಿಲು. ನನ್ನ ಪಾತ್ರೆ ಅಂಗಡಿಗೆ ಹೋಗುವುದನ್ನೇ ಬಿಟ್ಟು ಗೋಡೆ ನೋಡುತ್ತ ಕೂತೆ. ಬಂದವರೆಲ್ಲ "ಧೈರ್ಯ ತಗೊಳ್ರಿ" ಅನ್ನುತ್ತಿದ್ದರು. ಎಲ್ಲಿಂದ ತಗೊಳ್ಳಬೇಕು, ನೀವೇ ಹೇಳಿ.

ಹೇಗೂ ಹೋಗುವವನಿಗೆ ಅಂಗಿ ಯಾಕೆ ಅಂತ, ಬಂದವರಿಗೆ ಒಂದೊಂದು ಹಂಚತೊಡಗಿದೆ. ಭಾವಮೈದ ಕಣ್ಣೊರೆಸಿಕೊಂಡು, "ಭಾವಾ, ಇದರ ಜೋಡಿ ಪ್ಯಾಂಟು?" ಅಂದಿದ್ದ.

ತಪಾಸಣೆಗೆ ಹೊರಟ ಬೆಳಿಗ್ಗೆ ಹೆಂಡತಿ ಗಿರಿಜ ಕಪಾಟು ತೆಗೆದರೆ ಬರೀ ಹ್ಯಾಂಗರು. ಅವಳು ಹ್ಯಾಂಗರುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ಪಕ್ಕದ ಮನೆಯ ಟೈಲರ್ ರಫೀಕ್ ತನ್ನದೊಂದು ಅಂಗಿ ಕೊಟ್ಟ. "ಇದನ್ನೂ ಯಾರಿಗಾದ್ರೂ ಕೊಟ್ಟುಬಿಡಬ್ಯಾಡ್ರಿ" ಅಂದ. ರಫೀಕ್ ದಪ್ಪಗಿದ್ದ, ಅವನ ಅಂಗಿಯಲ್ಲಿ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು.

ಡಾಕ್ಟರು ಗಾಯ ನೋಡಿ, "ಹೊಟ್ಟೆ ಚೆನ್ನಾಗಿದೆ" ಅಂದರು.

"ಹೊಟ್ಟೆ ಇರಲಿ ಸರ್, ಇವರು ಇದ್ದ ಅಂಗಿಯೆಲ್ಲ ಹಂಚಿ ಕೂತಾರೆ," ಅಂದಳು ಗಿರಿಜ.

ನಾನು ನಕ್ಕೆ. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, "ನಿದ್ದೆ ಬರ್ತದಾ?" ಅಂದರು. ಕೇಳಿದ್ದು ಅಷ್ಟೇ. ರಫೀಕನ ಅಂಗಿಯ ತೋಳು ಪೂರಾ ಒದ್ದೆಯಾಯಿತು.

"ಆಪರೇಷನ್ ಆದ ಎಷ್ಟೋ ಜನಕ್ಕೆ ಹೀಗಾಗ್ತದೆ. ಹೇಡಿತನ ಅಲ್ಲ ಇದು. ಇದಕ್ಕೂ ಔಷಧಿ ಇದೆ," ಅಂದು ಮನೋವೈದ್ಯರ ಹತ್ತಿರ ಕಳಿಸಿದರು. ಗುಳಿಗೆ ನುಂಗಿದೆ. ಹೋಗಿ ಕೂತು ಮಾತಾಡಿದೆ. ಗುಳಿಗೆಗಿಂತ ಅದೇ ಕಹಿ. ಎಷ್ಟೋ ತಿಂಗಳು ಹಿಡಿಯಿತು. ಒಂದು ದಿನ ಅಂಗಡಿಯಲ್ಲಿ ಕುಕ್ಕರಿನ ಬೆಲೆಗೆ ಗಿರಾಕಿಯ ಜೊತೆ ಗಂಟಲು ಹರಿಯುವಂತೆ ಜಗಳಾಡಿ ಬಂದೆ. ಸುದ್ದಿ ಕೇಳಿ ಗಿರಿಜ ಪಾಯಸ ಮಾಡಿದಳು.

ನಾಳೆ ಮತ್ತೆ ಸ್ಕ್ಯಾನಿಂಗ್ ಇದೆ. ದಿಗಿಲು ಈಗಲೂ ಬರುತ್ತದೆ, ಮೊದಲಿನ ಹಾಗೆ ಬಾಯಿ ಮುಚ್ಚಿಸಿ ಕೂರಿಸುವುದಿಲ್ಲ. ಈ ಸಂಜೆ ಸೊಪ್ಪು ಬಿಡಿಸುತ್ತಿದ್ದ ಗಿರಿಜಳ ಪಕ್ಕ ಕೂತು, "ಭಯ ಆಗ್ತದೆ ಕಣೇ" ಅಂದೆ.

"ನಂಗೂ ಆಗ್ತದೆ ರೀ," ಅಂದಳು, ಅರ್ಧ ಸೊಪ್ಪು ನನ್ನ ಕಡೆ ತಳ್ಳುತ್ತ.

ಇಬ್ಬರೂ ಬಿಡಿಸಿದೆವು.