ಮೀನುಪೇಟೆಯ ಕಂಬದ ಗೀರುಗಳು

ನಮ್ಮ ಹೆಡ್‌ಮಾಸ್ತರರಿಗೆ ಇತಿಹಾಸವೆಂದರೆ ರಾಜ ಮತ್ತು ಖಡ್ಗ, ಮುಗಿಯಿತು. ಬಬಲೇಶ್ವರದ ಸಾಲಿಯಲ್ಲಿ ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನ ಕಲಿಸುವವಳು ನಾನು. ಆದರೂ ಶಿಕ್ಷಕರ ಪ್ರವಾಸದಲ್ಲಿ ಏನು ನೋಡಬೇಕೆಂದು ತೀರ್ಮಾನಿಸುವವರು ಅವರೇ. ಹೋದ ಚಳಿಗಾಲದಲ್ಲಿ ವಿಜಯಪುರದ ಗಾಂಧಿ ಚೌಕದಿಂದ ಟೆಂಪೊ ಮಾಡಿಕೊಂಡು ನಾವೆಲ್ಲ ಕರಾವಳಿಗೆ ಹೋದೆವು.

ಆ ಊರು ಒಂದು ಕಾಲಕ್ಕೆ ಮೀನುಗಾರರದ್ದಂತೆ. ನಾವು ಹೋದಾಗ ಅಲ್ಲಿದ್ದದ್ದು ಒಂದೇ ದೋಣಿ, ಅದೂ ರೆಸಾರ್ಟಿನ ಬಾಗಿಲಲ್ಲಿ, ಅದರ ತುಂಬ ಹೂವಿನ ಗಿಡ. ಹಳೆಯ ಸುಂಕದ ಕಚೇರಿಯಲ್ಲಿ ಚಡ್ಡಿ, ಟೋಪಿ ಮಾರುತ್ತಿದ್ದರು. ಬಲೆ ಇಡುತ್ತಿದ್ದ ಉದ್ದನೆಯ ಹಂಚಿನ ಮನೆ ಮಸಾಜ್ ಪಾರ್ಲರ್ ಆಗಿತ್ತು. ಪ್ರತಿಯೊಂದರ ಎದುರಿಗೂ ನಿಂತು ನಮ್ಮ ಗೈಡ್ 'ಪಾರಂಪರಿಕ ಕಟ್ಟಡ' ಅನ್ನುತ್ತಿದ್ದ. ಹೆಡ್‌ಮಾಸ್ತರರು 'ವಾ ವಾ' ಅನ್ನುತ್ತಿದ್ದರು. ಇಬ್ಬರಿಗೂ ಒಂದೇ ಕಸುಬು.

ಕೊನೆಗೆ ಮೀನುಪೇಟೆಗೆ ಬಂದೆವು. ಕಲ್ಲಿನ ಕಂಬ, ಹಂಚಿನ ಮಾಡು, ಮೊದಲು ನಾಲ್ಕೂ ಕಡೆ ಬಯಲು. ಈಗ ಸುತ್ತಲೂ ಗಾಜು ಕೂರಿಸಿ ಕೆಫೆ ಮಾಡಿದ್ದರು. ಕಂಬಗಳ ಮೇಲೆ ಬೆರಳು ಹೂತುಹೋಗುವಷ್ಟು ಆಳದ ಗೀರುಗಳಿದ್ದವು. ಅವಕ್ಕೊಂದು ದೀಪ, ಪಕ್ಕದಲ್ಲಿ ಹಿತ್ತಾಳೆಯ ಫಲಕ: 'ಪೋರ್ತುಗೀಸ ಸೈನಿಕರ ಖಡ್ಗದ ಏಟುಗಳು.'

ನನಗೆ ನಗು ತಡೆಯಲಾಗಲಿಲ್ಲ. ತಿಕೋಟಾದ ನನ್ನ ತವರಿನ ಬಾವಿಕಟ್ಟೆಯ ಮೇಲೆ ಇಂಥವೇ ಗೀರುಗಳಿವೆ. ನಮ್ಮವ್ವ ಕುಡಗೋಲು ಮಸೆದು ಮಸೆದು ಬಿದ್ದವು. ಇಲ್ಲಿಯ ಗೀರುಗಳೆಲ್ಲ ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ ಇದ್ದವು.

"ಸರ, ಸೈನಿಕರು ಕುಂತ ಯುದ್ಧ ಮಾಡತಿದ್ರೇನ್ರಿ?" ಅಂದೆ.

"ಮೇಡಮ್ಮಾರ, ಎಲ್ಲಾದಕ್ಕೂ ಕೊಂಕ ತಗೀಬ್ಯಾಡ್ರಿ. ಹಿತ್ತಾಳ್ಯಾಗ ಬರ್ದಾರ."

ಹಿತ್ತಾಳೆಯಲ್ಲಿ ಬರೆದದ್ದನ್ನು ಅಲ್ಲಗಳೆಯುವ ಧೈರ್ಯ ಆ ಮನುಷ್ಯನಿಗೆ ಎಲ್ಲಿಂದ ಬರಬೇಕು?

ತೆರೆದಿದ್ದ ಬಾಗಿಲ ಹೊರಗೆ ಒಣಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ನಮ್ಮ ಮಾತು ಕೇಳಿಸಿಕೊಂಡಿದ್ದಳು. "ಅದು ಕತ್ತಿ ಮಸ್ದ ಗುರ್ತು ಅಮ್ಮಾ," ಅಂದಳು. "ಆ ಮೂರನೇ ಕಂಬ ನಮ್ಮವ್ವನ ಜಾಗ. ಅವಳು ಹೋದ್ಮೇಲೆ ನಾನೇ ಕೂತಿದ್ದೆ."

"ನೋಡ್ರಿ!" ಹೆಡ್‌ಮಾಸ್ತರರು ಗೆದ್ದವರಂತೆ ತಿರುಗಿದರು. "ಆಕಿನೂ ಕತ್ತಿ ಅಂತನ ಹೇಳಾಕತ್ತಾಳ."

ಮೀನು ಕೊಯ್ಯುವ ಕತ್ತಿ ಯಾವುದು, ಯುದ್ಧದ ಕತ್ತಿ ಯಾವುದು ಎಂದು ತಿಳಿಯದ ಈತ ಸಾಲಿ ನಡೆಸುತ್ತಾನೆ. ನಾನು ಮುದುಕಿಯತ್ತ ತಿರುಗಿದೆ. "ಒಳಗ ಬಂದು ತೋರಸ್ತೀರೇನ್ರಿ, ಅಮ್ಮಾ?"

"ಒಳಗೆ ಬಿಡೂದಿಲ್ಲ. ಮೀನಿನ ವಾಸ್ನೆ ಅಂತ್ರು."

ಕೆಫೆಯ ಹೆಸರು 'ಮೀನುಪೇಟೆ'. ಗೋಡೆಯ ಮೇಲೆ ಬುಟ್ಟಿ ಹೊತ್ತ ಹೆಂಗಸಿನ ದೊಡ್ಡ ಚಿತ್ರ. ಚಿತ್ರಕ್ಕೆ ವಾಸನೆ ಇಲ್ಲ, ಆದ್ದರಿಂದ ಅದಕ್ಕೆ ಪ್ರವೇಶವಿತ್ತು.

ನಾನು ಮುದುಕಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ, ಎರಡು ಚಹಾ ಹೇಳಿದೆ. ಮ್ಯಾನೇಜರ್ ಓಡಿ ಬಂದ. "ಇವರು ನಮ್ಮ ಜೋಡಿ ಬಂದಾರ," ಅಂದೆ. ಅಷ್ಟರಲ್ಲಿ ಆಕೆ ಕುರ್ಚಿ ಬಿಟ್ಟು ಮೂರನೇ ಕಂಬದ ಬುಡಕ್ಕೆ ನೆಲದ ಮೇಲೆ ಕೂತಳು. ಕೈ ಚಾಚಿ ಮೇಜಿನ ಮೇಲಿನ ಚಾಕು ತೆಗೆದುಕೊಂಡು ಗೀರಿಗೆ ಹಚ್ಚಿ ಎಳೆದಳು. ಮೊಣಕೈ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಚಾಕು ಗೀರಿನಲ್ಲಿ ಜಾರಿಕೊಂಡು ಹೋಗುತ್ತಿತ್ತು. ಆಕೆಯ ಭುಜಕ್ಕೂ ಆ ಕಲ್ಲಿಗೂ ಎಷ್ಟೋ ವರ್ಷದ ಪರಿಚಯವೆಂದು ಕುರುಡನಿಗೂ ತಿಳಿಯುತ್ತಿತ್ತು.

"ಚಾಕು ಹಾಳಾಗುತ್ತೆ ಮೇಡಂ," ಅಂದ ಮ್ಯಾನೇಜರ್. ಅವನಿಗೆ ತೋಚಿದ್ದು ಅಷ್ಟೇ.

ಮುದುಕಿ ಎದ್ದು ಚಹಾದ ಒಂದು ಗುಟುಕು ಕುಡಿದಳು. "ಇದ್ಕೆ ಚಾ ಅಂತ್ರಾ?" ಎಂದು ಕಪ್ಪು ಕೆಳಗಿಟ್ಟು ಬುಟ್ಟಿಯ ಕಡೆ ನಡೆದಳು. ಅವತ್ತು ಆ ಊರಿನಲ್ಲಿ ನಾನು ಕೇಳಿದ ನಿಜವಾದ ಮಾತುಗಳೆಲ್ಲ ಅವಳವೇ. ನನ್ನ ಸಹೋದ್ಯೋಗಿಗಳು ಮೊಬೈಲು ಹಿಡಿದು ಶೂಟಿಂಗ್ ಮಾಡುತ್ತಿದ್ದರು. ಆಕೆಯ ಹತ್ತಿರ ಒಂದು ಹಿಡಿ ಮೀನು ಕೊಳ್ಳಲು ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ. ಟೆಂಪೊ ಘಟ್ಟ ಹತ್ತಿದ ಮೇಲೆ ನೆನಪಾಯಿತು. ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು.

ಮಾರ್ಚಿನಲ್ಲಿ ಸಾಲಿಯ ವಾರ್ಷಿಕ ಸಂಚಿಕೆಗೆ ಹೆಡ್‌ಮಾಸ್ತರರು ಪ್ರವಾಸ ಕಥನ ಬರೆದರು. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಸೈನಿಕರು, ಖಡ್ಗ, ರಕ್ತ ಎಲ್ಲವೂ ಅದರಲ್ಲಿದ್ದವು. ನಾನು ಆ ಸಾಲುಗಳನ್ನು ಹೊಡೆದುಹಾಕಿ, ಮೀನು ಮಾರುವ ಹೆಂಗಸರು ಕತ್ತಿ ಮಸೆದ ಗುರುತು ಎಂದು ಬರೆದೆ. ಅಚ್ಚಾಗಿ ಬಂದಾಗ ಎರಡೂ ಇರಲಿಲ್ಲ. ಆ ಜಾಗದಲ್ಲಿ ರೆಸಾರ್ಟಿನ ಊಟದ ವರ್ಣನೆಯಿತ್ತು.

ಅವರ ಕೋಣೆಗೆ ಕೇಳಲು ಹೋದೆ. "ಮೀನ ಮಾರೂ ಹೆಂಗಸರದು ಇತಿಹಾಸ ಆಗತೈತೇನ್ರಿ, ಮೇಡಮ್ಮಾರ?" ಎಂದು ನಕ್ಕರು, ಎದುರಿನ ಕುರ್ಚಿ ತೋರಿಸಿದರು.

ನಾನು ಕೂರಲಿಲ್ಲ. ಈಗಲೂ ಆ ಕೋಣೆಗೆ ಹಾಜರಿ ಸಹಿ ಮಾಡಲು ಹೋದಾಗ ನಿಂತೇ ಮಾಡಿ ಬರುತ್ತೇನೆ.