ಬೆಳ್ಳಿಯ ಮುಲಾಮು, ಬೆಲ್ಲದ ಕೈ

ನಮ್ಮ ಮನೆಯಲ್ಲಿ ಯಾರ ಕೈಗಾದರೂ ಒಗ್ಗರಣೆಯ ಎಣ್ಣೆ ಸಿಡಿದರೆ ಮೊದಲು ತಣ್ಣೀರು ಹಾಕುತ್ತಾರೆ, ಎರಡನೆಯದಾಗಿ ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸುತ್ತಾರೆ. ಈ ಎರಡನೆಯ ಚಿಕಿತ್ಸೆ ಯಾವ ವೈದ್ಯಗ್ರಂಥದಲ್ಲೂ ಇಲ್ಲವಾದರೂ ಅದಕ್ಕೆ ಗಟ್ಟಿಯಾದ ಆಧಾರವಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆ ಆಧಾರವನ್ನು ನನ್ನ ಬಾಯಿಂದಲೇ ಕೇಳಿದರೆ ನಿಮಗೂ ನನ್ನ ಮೇಲೆ ಅಷ್ಟಿಷ್ಟು ಕನಿಕರ ಹುಟ್ಟಬಹುದೆಂಬ ಆಸೆಯಿಂದ ಹೇಳುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಅಂಕಲಿಯಲ್ಲಿ ಕನ್ನಡದ ಮಾಸ್ತರನಾಗಿದ್ದೆ. ಹುಟ್ಟಿದ್ದು ಅಥಣಿ, ಕಲಿತದ್ದು ಕಾವ್ಯಮೀಮಾಂಸೆ, ಆ ವಯಸ್ಸಿನಲ್ಲಿ ಎರಡರ ಬಗ್ಗೆಯೂ ಅಭಿಮಾನ ಸ್ವಲ್ಪ ಹೆಚ್ಚೇ ಇತ್ತು. ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂದು ಕಾವ್ಯದ ಪಾಕಗಳನ್ನು ಹುಡುಗರಿಗೆ ಉರುಹೊಡೆಸುತ್ತಿದ್ದವನಿಗೆ, ಊರ ಹೊರಗೆ ಅಣ್ಣಾಸಾಬ ಎಂಬ ಜೈನ ರೈತರ ಹೊಲದಲ್ಲಿ ನಿಜವಾದ ಪಾಕವೇ ಕುದಿಯುತ್ತಿದೆ ಎಂಬುದು ತಿಳಿದಾಗ ಸುಮ್ಮನಿರಲಾಗಲಿಲ್ಲ. ಬೆಲ್ಲ ಕಾಯಿಸುವ ಆಲೆಮನೆಗೆ ಅಲ್ಲಿಯವರು ಗುರ್ಹಾಳ ಎನ್ನುತ್ತಾರೆ. ಪಾಕದ ಹದ ನೋಡುವವನಿಗೆ ಗುಳವ್ಯಾ. ಅಣ್ಣಾಸಾಬರ ಗುಳವ್ಯಾನ ಹೆಸರು ದಸ್ತಗೀರ. ಅವನು ಬಲಗೈಯ ಬೆರಳನ್ನು ನೀರಿಗದ್ದಿ, ಮರುಕ್ಷಣ ಕುದಿಯುವ ಪಾಕಕ್ಕದ್ದಿ, ಮತ್ತೆ ನೀರಿಗೆ ತಂದು, ಅಂಟಿದ ಚೂರನ್ನು ಉಂಡೆ ಮಾಡಿ ಹದ ಹೇಳುತ್ತಿದ್ದ. ಅವನು ಬಂದೈತಿ ಎಂದಮೇಲೆಯೇ ಕೊಪ್ಪರಿಗೆ ಒಲೆಯಿಂದ ಇಳಿಯುತ್ತಿತ್ತು. ಅವನ ಹೆಂಡತಿ ಹಲೀಮಾ ಹದಿನೈದು ವರ್ಷಗಳಿಂದ ಅದೇ ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ಶಾಲೆ ಬಿಟ್ಟಮೇಲೆ ನಾನು ನೋಟುಬುಕ್ಕು ಹಿಡಿದು ಗುರ್ಹಾಳಕ್ಕೆ ಹೋಗತೊಡಗಿದೆ. ಪಾಕ ಏರುವಾಗಿನ ಒಂದೊಂದು ಹಂತಕ್ಕೂ ದಸ್ತಗೀರನ ಬಳಿ ಒಂದೊಂದು ಹೆಸರಿತ್ತು. ಅವನ್ನೆಲ್ಲ ಸಂಗ್ರಹಿಸಿ ವಿದ್ವಾಂಸರನ್ನು ಬೆರಗುಗೊಳಿಸುವ ಲೇಖನವೊಂದನ್ನು ಬರೆಯುವ ಹಂಚಿಕೆ ನನ್ನದು. ಒಂದು ಸಂಜೆ ನಾಲ್ಕು ಜನ ಕೊಪ್ಪರಿಗೆಯನ್ನು ಎತ್ತಿ, ಪಾಕ ಆರಿಸುವ ಗುಂಡಿಗೆ ಬಾಗಿಸುತ್ತಿದ್ದರು, ದಸ್ತಗೀರ ಉದ್ದನೆಯ ಸವಟಿನಿಂದ ಪಾಕಕ್ಕೆ ದಾರಿ ಮಾಡುತ್ತಿದ್ದ. ಅಂಥ ಹೊತ್ತಿನಲ್ಲಿ, ಅಂಚಿನಲ್ಲಿ ಏಳುವ ಆ ದೊಡ್ಡ ಗುಳ್ಳೆಗೆ ಏನನ್ನುತ್ತೀರಿ ಎಂದು ಕೇಳಿದೆ. ಮಾಸ್ತರು ಕೇಳಿದಾಗ ಮುಖ ನೋಡಿ ಉತ್ತರ ಕೊಡಬೇಕೆನ್ನುವ ಸಭ್ಯ ಮನುಷ್ಯ ಅವನು. ತಿರುಗಿದ, ಸವಟು ಜಾರಿತು, ಪಾಕ ಅವನ ಬಲಗೈಯ ಮೇಲೆ ಬಿತ್ತು.

ಹಲೀಮಾ ಸಿಪ್ಪೆ ಬಿಟ್ಟು ಓಡಿಬಂದು ಅವನ ಕೈಯನ್ನು ತಣ್ಣೀರಿನ ತೊಟ್ಟಿಗೆ ಮುಳುಗಿಸಿ ಹಿಡಿದಳು. ಅಂದು ಅಲ್ಲಿ ನಡೆದ ಸರಿಯಾದ ಕೆಲಸ ಅದೊಂದೇ. ಆಮೇಲೆ ಯಾರೋ ಹಲ್ಲಿನ ಪೇಸ್ಟು ತಂದು ಹಚ್ಚಿದರು. ಇನ್ನು ನಾನು: ಸುಟ್ಟ ಗಾಯಕ್ಕೆ ನಮ್ಮಜ್ಜಿ ಮಸಿ ಹಚ್ಚುತ್ತಿದ್ದುದು ನೆನಪಾಗಿ, ಪೆನ್ನಿನ ಕುತ್ತಿಗೆ ತಿರುವಿ, ಇದ್ದ ನೀಲಿ ಮಸಿಯನ್ನೆಲ್ಲ ಆ ಕೈಯ ಮೇಲೆ ಸುರಿದುಬಿಟ್ಟೆ. ನನ್ನ ಲೇಖನಿಯಿಂದ ಹರಿದ ಮಸಿ ಅಷ್ಟು ಜನರ ಗಮನ ಸೆಳೆದದ್ದು ಅದೇ ಮೊದಲು.

ಅಣ್ಣಾಸಾಬರ ಜೀಪಿನಲ್ಲಿ ಚಿಕ್ಕೋಡಿಗೆ ಹೋದೆವು. ಜನ ಡಾಕ್ಟರಬಾಯಿ ಎಂದೇ ಕರೆಯುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬರ ದವಾಖಾನೆ ಅಲ್ಲಿತ್ತು. ಆಕೆ ಪೇಸ್ಟನ್ನೂ ಮಸಿಯನ್ನೂ ತೊಳೆಯುವುದರಲ್ಲೇ ಅರ್ಧ ಗಂಟೆ ಕಳೆದರು. ಮಸಿ ಯಾರದೆಂದು ಕೇಳಿದರು. ಎಲ್ಲರೂ ನನ್ನನ್ನು ನೋಡಿದರು.

"ಬರಿಯಾಕ ಹಾಳಿ ಸಿಗಲಿಲ್ಲೇನ್ರಿ, ಮಾಸ್ತರ?" ಎಂದರು.

ಗುಳ್ಳೆ ಎದ್ದು ಸುಲಿದ ಕೈ ಎಂದರೆ ಬಾಗಿಲು ಕಿತ್ತ ಮನೆ, ಯಾವ ಕ್ರಿಮಿ ಬೇಕಾದರೂ ಒಳಗೆ ಬರಬಹುದು, ನಂಜೇರಿದರೆ ಬೆರಳು ಉಳಿಯುವುದು ಕಷ್ಟ ಎಂದು ವಿವರಿಸಿದರು. ಧನುರ್ವಾಯುವಿನ ಸೂಜಿ ಚುಚ್ಚಿದರು. ಸಲ್ಫಾ ಗುಳಿಗೆ ತಿಂದು ಮೈ ಮೇಲೆ ದದ್ದು ಎದ್ದದ್ದುಂಟೇ ಎಂದು ವಿಚಾರಿಸಿ, ಇಲ್ಲ ಎಂದಮೇಲೆ ಬೆಣ್ಣೆಯಂಥ ಬಿಳಿಯ ಮುಲಾಮನ್ನು ಹಚ್ಚಿ, ಒಂದಕ್ಕೊಂದು ಅಂಟಿಕೊಳ್ಳದಂತೆ ಬೆರಳುಗಳಿಗೆ ಬೇರೆಬೇರೆಯಾಗಿ ಪಟ್ಟಿ ಸುತ್ತಿದರು. ಅದರಲ್ಲಿ ಬೆಳ್ಳಿಯಿದೆ ಎಂದಾಗ ಹಲೀಮಾ ಡಬ್ಬಿಯೊಳಗೆ ಇಣುಕಿ ನೋಡಿದಳು. ದಸ್ತಗೀರ ಏನನ್ನೂ ನೋಡಲಿಲ್ಲ. ಅವನು ಕೇಳಿದ್ದು ಒಂದೇ ಮಾತು: "ಬಾಯಾರ, ಹೊಸಾ ತೊಗಲಿಗೆ ಪಾಕ ತಿಳೀತೈತೇನ್ರಿ?"

ಡಾಕ್ಟರಬಾಯಿ ಪಟ್ಟಿಯ ಕೊನೆಗೆ ಗಂಟು ಹಾಕುತ್ತ, ಮೊದಲು ತೊಗಲು ಬರಲಿ ಎಂದರು.

ದಿನಕ್ಕೆರಡು ಸಲ ಪಟ್ಟಿ ಬಿಚ್ಚಿ, ಕಾಯಿಸಿ ಆರಿಸಿದ ನೀರಿನಿಂದ ಹಳೆಯ ಮುಲಾಮು ತೊಳೆದು ಹೊಸದನ್ನು ಹಚ್ಚಬೇಕಿತ್ತು. ಆ ಕೆಲಸ ನನ್ನದು ಎಂದು ನಾನೇ ಮುಂದೆ ಬಂದೆ. ಡಾಕ್ಟರಬಾಯಿಗೆ ಸಂಶಯ ಬಂದದ್ದು ಸಹಜ. ನನ್ನ ಉಗುರು ಕತ್ತರಿಸಿ, ಸಾಬೂನಿನಿಂದ ಮೊಣಕೈವರೆಗೆ ಮೂರು ಸಲ ತೊಳೆಸಿ, ಎದುರಿಗೇ ಪಟ್ಟಿ ಕಟ್ಟಿಸಿ ನೋಡಿ ಅನುಮತಿ ಕೊಟ್ಟರು. ಅಂದಿನಿಂದ ಮುಂಜಾನೆ ಶಾಲೆಗೆ ಮೊದಲು, ಸಂಜೆ ಶಾಲೆಯ ನಂತರ, ನಾನು ದಸ್ತಗೀರನ ಕೈಯ ಉಪಾಸಕ. ಹುಡುಗರ ಉತ್ತರಪತ್ರಿಕೆಯನ್ನೂ ನಾನು ಅಷ್ಟು ಶ್ರದ್ಧೆಯಿಂದ ಪರಿಶೀಲಿಸಿದವನಲ್ಲ.

ಇತ್ತ ಗುರ್ಹಾಳ ನಿಂತಿತ್ತು. ಕಡಿದ ಕಬ್ಬು ಕಾಯುವುದಿಲ್ಲ. ಅಣ್ಣಾಸಾಬರು ಜುಗೂಳದಿಂದ ನಿಪ್ಪಾಣಿವರೆಗೆ ಹೇಳಿಕಳಿಸಿದರೂ ಹಂಗಾಮಿನ ನಡುವೆ ಖಾಲಿ ಕೂತ ಗುಳವ್ಯಾ ಸಿಗಲಿಲ್ಲ. ಮೂರನೆಯ ದಿನ ಹಲೀಮಾ, ಸಿಪ್ಪೆ ಒಟ್ಟಲು ಬೇರೆ ಯಾರನ್ನಾದರೂ ಕೂಡ್ರಿಸಿ, ಹದ ತಾನು ನೋಡುವೆ ಎಂದಳು. ದಸ್ತಗೀರ ಬೇಡವೆಂದ. ಅವಳ ಬೆರಳು ಸುಟ್ಟರೆ ರೊಟ್ಟಿ ಬಡಿಯುವವರು ಯಾರು ಎಂದು ಕಾರಣ ಕೊಟ್ಟನಾದರೂ ನಿಜವಾದ ಕಾರಣ ಅದಲ್ಲವೆಂದು ಅಲ್ಲಿದ್ದ ಕಬ್ಬಿಗೂ ಗೊತ್ತಿತ್ತು. ಕೊನೆಗೆ ಒಪ್ಪಿದ, ಆದರೆ ಕೊಪ್ಪರಿಗೆಯ ಪಕ್ಕ ಹಗ್ಗದ ಹೊರಸು ಹಾಕಿಸಿಕೊಂಡು ಕೂತ. ಮೊದಲ ಪಾಕದಲ್ಲೇ ಅವನು ಬಂದೈತಿ ಎಂದಾಗ ಅವಳು ಇನ್ನೂ ಇಲ್ಲವೆಂದಳು. ಅವನು ಮತ್ತೆ ಹೇಳಿದ, ಅವಳು ಕೇಳಿಸಿಕೊಳ್ಳಲಿಲ್ಲ. ಮರುದಿನ ಅಚ್ಚಿನಿಂದ ಬಿಡಿಸಿದ ಬೆಲ್ಲ ಹೊನ್ನಿನ ಬಣ್ಣಕ್ಕಿತ್ತು. ಅಣ್ಣಾಸಾಬರು ಒಂದು ಚೂರು ಬಾಯಿಗೆ ಹಾಕಿಕೊಂಡು ಇನ್ನೊಂದು ಚೂರು ತೆಗೆದುಕೊಂಡರು. ದಸ್ತಗೀರ ಅಂದು ಊಟ ಬೇಡವೆಂದ.

ಆರನೆಯ ಮುಂಜಾನೆ ನಾನು ಪಟ್ಟಿ ಬಿಚ್ಚಿದವನು ಹಾಗೆಯೇ ನಿಂತೆ. ಗಾಯದ ಮೇಲೆ ಹಳದಿಯ ಪೊರೆಯೊಂದು ಕಟ್ಟಿತ್ತು. ಕೀವು ಎಂದುಕೊಂಡೆ. ನನ್ನ ಮುಖವನ್ನು ನೋಡಿಯೇ ದಸ್ತಗೀರ ತಿಳಿದುಕೊಂಡ.

"ಕೈ ಹೋತೇನ್ರಿ, ಮಾಸ್ತರ?" ಎಂದ, ಬಸ್ಸು ಹೋಯಿತೇ ಎಂದು ಕೇಳುವಷ್ಟು ಮೆಲ್ಲಗೆ.

ನಾನು ಪಟ್ಟಿಯನ್ನು ಮತ್ತೆ ಸುತ್ತಿ ಶಾಲೆಗೆ ರಜೆ ಚೀಟಿ ಕಳಿಸಿದೆ. ಚಿಕ್ಕೋಡಿಯ ಬಸ್ಸಿನಲ್ಲಿ ಹಲೀಮಾ ಗಂಡನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದುರಿನ ಸೀಟಿನಲ್ಲಿ ನಾನು, ಒಂದು ಗುಳ್ಳೆಯ ಹೆಸರಿಗಾಗಿ ಒಬ್ಬ ಮನುಷ್ಯನ ಅನ್ನವನ್ನು ಕಿತ್ತುಕೊಂಡವನು. ಅವರಿಬ್ಬರೂ ಒಂದು ಬಾರಿಯಾದರೂ ನನ್ನನ್ನು ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಕಬ್ಬೂರಿನ ಕಡೆಯ ಯಾರೋ ಪರಿಚಯದವರು ನನ್ನನ್ನು ಮಾತಿಗೆಳೆದರು. ಏನು ಹೇಳಿದೆನೋ ನೆನಪಿಲ್ಲ.

ಡಾಕ್ಟರಬಾಯಿ ಕೈಯನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಒದ್ದೆ ಹತ್ತಿಯಿಂದ ಆ ಹಳದಿಯನ್ನು ಒರೆಸಿದರು. ಅದು ಕೆನೆಯಂತೆ ಎದ್ದುಬಂತು. ಅಡಿಯಲ್ಲಿ, ಎಳೆಯ ಮಾವಿನೆಲೆಯಂಥ ಕೆಂಪಿನಲ್ಲಿ, ಹೊಸ ಚರ್ಮ ಕಾಣಿಸಿತು.

"ಕೀವಲ್ಲರಿ ಇದು, ಮುಲಾಮಿಂದ ಪೊರಿ. ನಂಜಿಲ್ಲ, ನಾತಿಲ್ಲ. ಚೊಲೊ ಕಟ್ಟೀರಿ," ಎಂದರು.

ಪರೀಕ್ಷೆಗಳಲ್ಲಿ ನನಗೆ ಒಳ್ಳೆಯ ಅಂಕಗಳು ಬಂದದ್ದುಂಟು. ಆದರೆ ಯಾವ ಪ್ರಶಸ್ತಿಪತ್ರವೂ ಆ ಎರಡು ಶಬ್ದಗಳಷ್ಟು ನನ್ನನ್ನು ಹಿಗ್ಗಿಸಿಲ್ಲ. ಹಲೀಮಾ ಗೋಡೆಯತ್ತ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ದಸ್ತಗೀರ, ಬಾಯಾರಿಕೆ ಆಗೇತಿ ಎಂದ. ಮೂವರೂ ಬಸ್ ನಿಲ್ದಾಣದ ಎದುರು ಚಹಾ ಕುಡಿದೆವು. ನಂಜು ಎಂಬ ಶಬ್ದ ನಂಜುಂಡನ ಕೊರಳಲ್ಲಿ ಪೂಜ್ಯವಾಗಬಹುದು, ನಮ್ಮಂಥವರ ಬೆರಳಲ್ಲಿ ಅದು ಬಾರದಿರುವುದೇ ಭಾಗ್ಯ ಎಂದು ನಾನು ಚಮತ್ಕಾರವಾಗಿ ಹೇಳಿದೆ. ಅವರಿಬ್ಬರೂ ಚಹಾ ಚೆನ್ನಾಗಿದೆ ಎಂದರು.

ಮೂರು ವಾರಕ್ಕೆ ಪಟ್ಟಿ ಪೂರ್ತಿ ಬಿಚ್ಚಿತು. ಕೈಗೆ ಬಿಸಿ ತಾಗಿಸಕೂಡದೆಂದು ಡಾಕ್ಟರಬಾಯಿ ತಾಕೀತು ಮಾಡಿದ್ದರಿಂದ ಆ ಹಂಗಾಮೆಲ್ಲ ಹದ ನೋಡಿದವಳು ಹಲೀಮಾ. ದಸ್ತಗೀರ ಮೊದಮೊದಲು ಗಾಣದ ಕಡೆ ಹೋಗಿ ಎತ್ತುಗಳಿಗೆ ಉಪದೇಶ ಮಾಡುತ್ತಿದ್ದ; ಆಮೇಲೆ ಒಲೆಯ ಬಾಯಿಗೆ ಬಂದು ಎಡಗೈಯಿಂದ ಸಿಪ್ಪೆ ಒಟ್ಟತೊಡಗಿದ.

ಹಂಗಾಮು ಮುಗಿಯುವ ಹೊತ್ತಿಗೆ ಒಂದು ಸಂಜೆ ನಾನು ಹೋದಾಗ ಪಾಕ ಏರುತ್ತಿತ್ತು. ದಸ್ತಗೀರ ಎದ್ದು ಬಂದು ಹೆಂಡತಿಯ ಪಕ್ಕ ನಿಂತ. ನಾನು ಬಾಯಿ ಬಿಗಿಹಿಡಿದು ದೂರವೇ ನಿಂತೆ.

"ಬಂದೈತೇನ?" ಎಂದು ಅವನು ಅವಳನ್ನು ಕೇಳಿದ. ಹದಿನೈದು ವರ್ಷಗಳಲ್ಲಿ ಬಹುಶಃ ಮೊದಲ ಬಾರಿ.

"ಇನ್ನೊಂದೀಟ ತಡಿ," ಎಂದಳು.

ಅವನು ಕಾದ. ಅವಳು ಬೆರಳದ್ದಿ ತೆಗೆದು, ನೀರಿನಲ್ಲಿ ಆರಿಸಿ, ಆ ಉಂಡೆಯನ್ನು ಅವನ ಬಲಗೈಯ ಗುಲಾಬಿ ಚರ್ಮದ ಮೇಲಿಟ್ಟಳು. ಅವನು ಕಣ್ಣು ಮುಚ್ಚಿ ಒಂದೊಂದೇ ಬೆರಳನ್ನು ಮಡಚಿದ. ಬೆರಳುಗಳೆಲ್ಲ ಮಡಚಿದವು. ಉಂಡೆಯನ್ನು ಹಿಚುಕಿದ, ಹೊರಳಿಸಿದ, ಮತ್ತೆ ಹಿಚುಕಿದ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, "ಬಂದೈತಿ," ಎಂದ.

ಅಷ್ಟರಲ್ಲಿ ಹಲೀಮಾ ಕೊಪ್ಪರಿಗೆ ಇಳಿಸಿಯಾಗಿತ್ತು.